ಮಲೂನ್ಸ್ ತಟ್ಟೆಯ ಮುಂದೆ ಚಿಕ್ಕಮ್ಮ

ಪ್ರವಾಸಿ ತಂಡದ ಜೊತೆ ಬಂದಿರುವ ಚಿಕ್ಕಪ್ಪ, ಚಿಕ್ಕಮ್ಮನನ್ನು ನಿನ್ನೆ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಕಂಡು ಬಂದಾಗಿನಿಂದ ಮನಸ್ಸಿಗೆ ಕಸಿವಿಸಿಯಾಗಿದೆ. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಐದು ರಾತ್ರಿಗೂ ಒಂದೇ ಊಟ: ಅನ್ನ, ದಾಲ್, ಚಪಾತಿ, ಆಲೂಗೋಬಿ. 26 ಕ್ಯಾಂಟನ್‌ಗಳು, ಅಂದರೆ ಪ್ರಾಂತ್ಯಗಳು, ಇರುವ, ಕಣಿವೆ ದಾಟಿದರೆ ಅಡುಗೆಯೇ ಬದಲಾಗುವ ನಾಡಿಗೆ ಕೂಡಿಟ್ಟ ಹಣ ತೆತ್ತು ಬಂದವರಿಗೆ ಇಲ್ಲಿನ ಒಂದು ತುತ್ತೂ ಸಿಗದಂತೆ ಮಾಡುವುದು ಅನ್ಯಾಯ.

ಇವತ್ತು ಮಧ್ಯಾಹ್ನ ಅವರಿಗೆ ಬಿಡುವಿತ್ತು. ಮನೆಗೆ ಕರೆತಂದು ಗ್ರೌಬುಂಡೆನ್ ಪ್ರಾಂತ್ಯದ ಕಡೆಯ ಮಲೂನ್ಸ್ ಮಾಡಿದೆ. ಹಿಂದಿನ ದಿನ ಬೇಯಿಸಿಟ್ಟ ಆಲೂಗಡ್ಡೆಯನ್ನು ತುರಿದು, ಹಿಟ್ಟು ಬೆರೆಸಿ, ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಗುಚುತ್ತಲೇ ಇದ್ದರೆ, ಅಂಟಂಟಾಗಿದ್ದದ್ದು ಒಡೆದು ಕಡಲೆಕಾಳಿನಷ್ಟು ಗಾತ್ರದ ಹೊಂಬಣ್ಣದ ಉಂಡೆಗಳಾಗುತ್ತದೆ. ಜೊತೆಗೆ ಬೇಯಿಸಿದ ಸೇಬು. ಚಿಕ್ಕಮ್ಮ ಎರಡನೆಯ ಸಲ ಬಡಿಸಿಕೊಳ್ಳುತ್ತಾ, "ಉಪ್ಪಿಟ್ಟಿನ ಹಾಗೆ ಎಷ್ಟು ಉದುರುದುರಾಗಿದೆಯೋ! ಇದನ್ನೇಕೆ ನಮಗೆ ಯಾರೂ ಕೊಡಲಿಲ್ಲ?" ಎಂದು ಕೇಳಿದರು.

ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಸಿಗುವುದಿಲ್ಲ ಎಂದು ಪ್ರವಾಸ ಏರ್ಪಡಿಸುವವರು ಹೇಳುತ್ತಾರೆ. ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದು ನಿಜ. ಅದು ಬೇಡವೆನ್ನುವವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ಅಂಥವರಿಗೂ ಈ ಮಲೂನ್ಸ್ ಇದೆ, ಟಿಚೀನೊ ಪ್ರಾಂತ್ಯದಲ್ಲಿ ತಾಮ್ರದ ಕಡಾಯಿಯಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯಂತೆ ತಿರುವಿ ಮಾಡುವ ಪೊಲೆಂಟಾ ಇದೆ. ಚೀಸ್ ತಿನ್ನುವವರಿಗಂತೂ ಊಟಕ್ಕೆ ಕೊರತೆಯೇ ಇಲ್ಲ. ವಾಲೆ ಪ್ರಾಂತ್ಯದಲ್ಲಿ ಅರ್ಧ ಗಾಲಿಯಷ್ಟು ಚೀಸನ್ನು ಬೆಂಕಿಗೆ ಒಡ್ಡಿ, ಕರಗಿದ ಪದರವನ್ನು ತಟ್ಟೆಗೆ ಕೆರೆದು, ಸಿಪ್ಪೆಸಹಿತ ಬೇಯಿಸಿದ ಆಲೂಗಡ್ಡೆಯೊಡನೆ ರಾಕ್ಲೆಟ್ ಎಂದು ಬಡಿಸುತ್ತಾರೆ. ಬೆಟ್ಟದ ದನಗಾಹಿಗಳ ಆಲ್ಪ್ಲರ್‌ಮಾಗ್ರೋನೆನ್‌ನಲ್ಲಿ ಮ್ಯಾಕರೋನಿ, ಆಲೂಗಡ್ಡೆ, ಕೆನೆ, ಚೀಸ್ ಒಂದಾಗಿ, ಮೇಲೆ ಹುರಿದ ಈರುಳ್ಳಿ, ಪಕ್ಕದಲ್ಲಿ ಸೇಬಿನ ಗೊಜ್ಜು ಇರುತ್ತದೆ. ಕರಗಿಸಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ, ಎಲ್ಲರಿಗೂ ಗೊತ್ತಿರುವ ಫಾಂಡ್ಯೂ ಇಡೀ ದೇಶದ ಊಟವೆನಿಸಿಕೊಂಡದ್ದು 1930ರ ದಶಕದಲ್ಲಿ ಚೀಸ್ ಒಕ್ಕೂಟ ಪ್ರಚಾರಕ್ಕಿಳಿದ ಮೇಲೆ. ಅದೊಂದನ್ನೇ ಸವಿದು ಹಿಂದಿರುಗಿದರೂ ಸಾಲದು.

ನನಗೇಕೆ ಇಷ್ಟು ಸಿಟ್ಟು ಎಂದರೆ, ಇಲ್ಲಿಗೆ ಬಂದ ಮೊದಲ ಎರಡು ವರ್ಷ ನಾನೂ ಅಮ್ಮ ಕಳುಹಿಸಿದ ಪುಳಿಯೋಗರೆ ಗೊಜ್ಜಿನಲ್ಲೇ ಕಳೆದೆ. ಪಕ್ಕದ ಮನೆಯ ಅಜ್ಜಿ ಊಟಕ್ಕೆ ಕರೆದಾಗಲೆಲ್ಲ ನೆಪ ಹೇಳಿ ತಪ್ಪಿಸಿಕೊಂಡೆ. ಮಲೂನ್ಸ್ ಕಲಿಸಿದವರು ಕೊನೆಗೆ ಅವರೇ, ಈಗ ಅವರಿಲ್ಲ.

ಸಂಜೆ ಚಿಕ್ಕಮ್ಮನನ್ನು ಹೋಟೆಲಿಗೆ ಬಿಟ್ಟು ಬಂದೆ. ಬಾಗಿಲಲ್ಲೇ ದಾಲ್ ಒಗ್ಗರಣೆಯ ವಾಸನೆ ಬರುತ್ತಿತ್ತು. ಮಿಕ್ಕ ಮಲೂನ್ಸ್ ಕಟ್ಟಿಕೊಟ್ಟ ಡಬ್ಬಿಯನ್ನು ಅವರು ಕೈಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡರು.