ಬರಕೂಡದು, ಬರಬೇಕಾಗಿಲ್ಲ

ಕಳೆದ ವಾರ ಸಹೋದ್ಯೋಗಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಕಳುಹಿಸಿದೆ: 'ಯು ಮಸ್ಟ್ ನಾಟ್ ಕಮ್ ಟುಮಾರೋ.' ಅವರಿಗೆ ಜ್ವರ. ಸಭೆಗೆ ಬರಬೇಕಾಗಿಲ್ಲ, ಮಲಗಿಕೊಳ್ಳಿ ಎನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಐದು ನಿಮಿಷದಲ್ಲಿ ಉತ್ತರ ಬಂತು: 'ನನ್ನಿಂದ ಏನಾದರೂ ತಪ್ಪಾಯಿತೇ?' ನನ್ನ ಸಾಲನ್ನು ಮತ್ತೆ ಓದಿದೆ. ಪುಣ್ಯಾತ್ಮ ನಾನು ಬರೆದದ್ದು, 'ನಾಳೆ ನೀವು ಬರಕೂಡದು' ಎಂದು!

ಬರೆಯಬೇಕಿದ್ದದ್ದು 'ಡೋಂಟ್ ಹ್ಯಾವ್ ಟು'. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಕೆಲಸ ಮಾಡಿಯೂ ಎಡವಿದೆನಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಆ ಪಟ್ಟಿಯ ಮೇಲೆ. ಮಸ್ಟ್ ಎಂದರೆ ಬೇಕು, ಹ್ಯಾವ್ ಟು ಎಂದರೂ ಬೇಕು, ಶುಡ್ ಎಂದರೂ ಬೇಕು. ಮೂರಕ್ಕೂ ಒಂದೇ ಮುದ್ರೆ. 'ಹೋಗಬೇಕು' ಮತ್ತು 'ಹೋಗಲೇಬೇಕು' ಎರಡರ ತೂಕ ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಸ್ಟ್ ಎನ್ನುವುದಕ್ಕೆ ಹತ್ತಿರವಿರುವುದು ಆ 'ಲೇ' ಸೇರಿದ ರೂಪ. ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ವಾಕ್ಯಕ್ಕೆ 'ನಾಟ್' ಸೇರುವವರೆಗೆ ಈ ಪಟ್ಟಿ ಹೇಗೋ ನಡೆಯುತ್ತದೆ. ಸೇರಿದ ಕೂಡಲೇ ಮಸ್ಟ್ ನಿಷೇಧವಾಗುತ್ತದೆ, ಹ್ಯಾವ್ ಟು ವಿನಾಯಿತಿಯಾಗುತ್ತದೆ. ಕನ್ನಡದಲ್ಲಿ ಇವೆರಡನ್ನೂ ನಾವು ಎಂದಾದರೂ ಬೆರೆಸಿದ್ದೇವೆಯೇ? ಬರಬಾರದು, ಬರಕೂಡದು ಒಂದು ಕಡೆ. ಬರಬೇಕಿಲ್ಲ, ಬರಬೇಕಾಗಿಲ್ಲ ಇನ್ನೊಂದು ಕಡೆ. ನಾಲಿಗೆಯ ತುದಿಯಲ್ಲೇ ಇದ್ದ ತಿಳಿವಳಿಕೆಯನ್ನು ಬಿಟ್ಟು ನಿಯಮ ಉರು ಹೊಡೆಸಿದರು.

ಭೂತಕಾಲದಲ್ಲೂ ಹಾಗೆಯೇ. 'ಹೋಗಬೇಕಾಯಿತು' ಎಂದರೆ ಹೋದೆ, ಬೇರೆ ದಾರಿಯಿರಲಿಲ್ಲ: ಹ್ಯಾಡ್ ಟು ಗೋ. 'ಹೋಗಬೇಕಿತ್ತು, ಹೋಗಲಿಲ್ಲ' ಎಂದರೆ ಕೊರಗು: ಶುಡ್ ಹ್ಯಾವ್ ಗಾನ್. ಕಡ್ಡಾಯದ ಅರ್ಥದಲ್ಲಿ ಮಸ್ಟ್‌ಗೆ ಪ್ರತ್ಯೇಕ ಭೂತರೂಪವಿಲ್ಲ. ತಮಾಷೆಯೆಂದರೆ, ಅದು ಹುಟ್ಟಿದ್ದೇ ಹಳೆಯ ಇಂಗ್ಲಿಷಿನ ಒಂದು ಕ್ರಿಯಾಪದದ ಭೂತರೂಪದಿಂದ. ವರ್ತಮಾನಕ್ಕೆ ಬಂದು ಕುಳಿತ ಮೇಲೆ ಹಳೆಯ ಮನೆಯನ್ನು ಮರೆತೇಬಿಟ್ಟಿತು.

ಸಾಮರ್ಥ್ಯದ ವಿಷಯದಲ್ಲಿ ನಾನು ಇನ್ನೂ ತಡವರಿಸುತ್ತೇನೆ. ಚಿಕ್ಕಂದಿನಲ್ಲಿ ಮರ ಹತ್ತಲು ಬರುತ್ತಿತ್ತು ಎನ್ನಲು 'ಕುಡ್' ಸಾಕು. ಒಂದು ದಿನ ಬೀಗದ ಕೈ ಕಳೆದುಹೋಗಿ, ಗಂಟೆಗಟ್ಟಲೆ ಹೆಣಗಿ, ಕೊನೆಗೂ ಬಾಗಿಲು ತೆಗೆಯಲು ಸಾಧ್ಯವಾಯಿತು ಎನ್ನುವಾಗ ಅದು ಸಲ್ಲದು. ಅಲ್ಲಿ 'ವಾಸ್ ಏಬಲ್ ಟು' ಬೇಕು. ತೆಗೆಯಲಾಗಲಿಲ್ಲ ಎನ್ನಲು ಮಾತ್ರ 'ಕುಡ್ ನಾಟ್' ಧಾರಾಳವಾಗಿ ನಡೆಯುತ್ತದೆ. ಸೋತವರಿಗೆ ವ್ಯಾಕರಣ ಸಲೀಸು. (ಕುಡ್ ಪದದೊಳಗಿನ ಮೂಕ ಎಲ್ ಅಕ್ಷರವೂ ಮೂಲದ್ದಲ್ಲ, ವುಡ್ ಮತ್ತು ಶುಡ್‌ಗಳನ್ನು ನೋಡಿ ಆಮೇಲೆ ಸೇರಿಕೊಂಡದ್ದು.)

ಇನ್ನು ಕ್ಯಾನ್. ಅದರ ಹಳೆಯ ಅರ್ಥ 'ತಿಳಿದಿರು'. ತಿಳಿದವನು ಮಾಡಬಲ್ಲ ಎಂಬ ದಾರಿಯಲ್ಲಿ ಅದು ಸಾಮರ್ಥ್ಯಕ್ಕೆ ಬಂದು ನಿಂತಿತು. ನಮ್ಮ 'ಬಲ್ಲೆ' ಇಂದಿಗೂ ಎರಡೂ ಕಡೆ ಕಾಲಿಟ್ಟು ನಿಂತಿದೆ: 'ಅವನನ್ನು ಬಲ್ಲೆ', 'ನಾನು ಈಜಬಲ್ಲೆ'. ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಎರಡು ಭಾಷೆಗಳು ಒಂದೇ ಯೋಚನೆ ಮಾಡಿವೆ. ಇದನ್ನು ಆ ದಿನಗಳಲ್ಲಿ ಯಾರಾದರೂ ಹೇಳಿದ್ದರೆ ನಾನು ಕಿಟಕಿಯಾಚೆ ನೋಡುತ್ತಾ ಕೂರುತ್ತಿರಲಿಲ್ಲ.