ಏಳೆಂಟ್ಲ ಗೊತ್ತು, ಎಂಟೇಳ್ಲ ಗೊತ್ತಿಲ್ಲ

ಇವತ್ತು ಮಧ್ಯಾಹ್ನ ಕಂಡದ್ದು ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ. ಬರೆಯದೆ ನಿದ್ದೆ ಬರುವುದಿಲ್ಲ, ಅದಕ್ಕೇ ಕೂತಿದ್ದೇನೆ.

ಗೆಳತಿಯ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಎಂಟು ವರ್ಷ. ನಾವು ಮಾತಾಡುತ್ತಾ ಕೂತಿದ್ದಾಗ ಅವನಪ್ಪ ಕರೆದರು. "ಬಾ ಇಲ್ಲಿ, ಆಂಟಿಗೆ ಏಳರ ಮಗ್ಗಿ ಒಪ್ಪಿಸು." ಹುಡುಗ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಕಣ್ಣು ಮುಚ್ಚಿದ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ಶುರು ಮಾಡಿ ಒಂದೇ ಉಸಿರಿಗೆ ಎಪ್ಪತ್ತಕ್ಕೆ ಬಂದು ನಿಂತ. ಎಲ್ಲರೂ ಭೇಷ್ ಅಂದರು. ನಾನೂ ಅಂದೆ. ಆಮೇಲೆ ಹತ್ತಿರ ಕೂರಿಸಿಕೊಂಡು, "ಎಂಟೇಳ್ಲ ಎಷ್ಟು ಪುಟ್ಟಾ?" ಅಂತ ಕೇಳಿದೆ.

ಅವನ ಮುಖ ಸಣ್ಣದಾಯಿತು. "ಎಂಟರ ಮಗ್ಗಿ ಇನ್ನೂ ಕಲಿಸಿಲ್ಲ ಆಂಟಿ."

ಒಂದು ನಿಮಿಷದ ಹಿಂದೆ ಏಳೆಂಟ್ಲ ಐವತ್ತಾರು ಅಂದಿದ್ದ ಮಗು! "ಅಷ್ಟೂ ಹೊಳೆಯಲ್ವಾ ನಿನಗೆ?" ಅಂತ ಅಪ್ಪ ಗದರಿದರು. ಹೊಳೆಯುವುದಾದರೂ ಹೇಗೆ? ಅದು ಲೆಕ್ಕ ಅಂತ ಅವನಿಗೆ ಯಾರೂ ತೋರಿಸಿಯೇ ಇಲ್ಲ. ಅವನ ಪಾಲಿಗೆ ಅದೊಂದು ಹಾಡು. ಹಾಡನ್ನು ನಡುವಿನ ಸಾಲಿನಿಂದ ಹೇಳು ಅಂದರೆ ನಮಗೂ ತಡವರಿಸುತ್ತದೆ, ಅಲ್ವಾ?

ನನಗೆ ಸಿಟ್ಟಿರುವುದು ಈ "ಒಪ್ಪಿಸು" ಅನ್ನುವ ಮಾತಿನ ಮೇಲೆ. ಒಪ್ಪಿಸಿದ್ದು ಕೇಳಿದವರ ಕೈಗೆ ಹೋಯಿತು. ಮಗುವಿನ ಹತ್ತಿರ ಏನು ಉಳಿಯಿತು ಅಂತ ಯಾರೂ ನೋಡುವುದಿಲ್ಲ. ಮಗ್ಗಿಯಲ್ಲೂ ಹಾಗೇ, ಓದಿನಲ್ಲೂ ಹಾಗೇ.

ಇದನ್ನು ಹೇಳುವ ನಾನು ಏನು ಮಾಡಿದ್ದೆ ಅನ್ನುವುದನ್ನೂ ಹೇಳಬೇಕು. ನಾಲ್ಕೂವರೆ ವರ್ಷಕ್ಕೇ ಮಗಳು ಕತೆಪುಸ್ತಕ ಓದುತ್ತಾಳೆ ಅಂತ ಇಲ್ಲೇ ವಿಡಿಯೋ ಹಾಕಿದ್ದೆ, ನೆನಪಿರಬಹುದು. ಅವಳು ಓದುತ್ತಿರಲಿಲ್ಲ. ರಾತ್ರಿ ನಾನು ಓದಿ ಹೇಳಿದ್ದನ್ನು ಚಿತ್ರ ನೋಡಿಕೊಂಡು ಒಪ್ಪಿಸುತ್ತಿದ್ದಳು. ಅದು ಗೊತ್ತಾದದ್ದು ಒಂದನೇ ಕ್ಲಾಸಿಗೆ ಹೋದ ಮೇಲೆ. ಚಿತ್ರವಿಲ್ಲದ ಹಾಳೆಯಲ್ಲಿ 'ಕತ್ತೆ' ಅಂತ ಇತ್ತು. 'ಕತೆ' ಅಂದಳು. ಕೆಳಗಿನ ಒತ್ತು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಸರಿಯಾಗಿ ನೋಡು ಅಂತ ಕಿರುಚಿದೆ. ಮತ್ತೆ 'ಕತೆ' ಅಂದಳು. ಪುಸ್ತಕ ಮುಚ್ಚಿ ಎದ್ದು ಹೋದೆ. ಅದಾದ ಮೇಲೆ ಎಷ್ಟೋ ದಿನ ನಾನು ಪುಸ್ತಕ ಕೈಗೆತ್ತಿಕೊಂಡರೆ ಸಾಕು, ನಿದ್ದೆ ಬರ್ತಿದೆ ಅಮ್ಮ ಅನ್ನುತ್ತಿದ್ದಳು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಕನ್ನಡ ಕಲಿಯುವ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ನನಗೆ ತಿಳಿದದ್ದು ಆಮೇಲೆ. ಅಕ್ಷರಗಳು ಪೂರ್ತಿ ಕೈಗೆ ಹತ್ತುವ ಕೆಲಸ ಮೂರನೇ, ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದಂತೆ. ನಾನು ಕಿರುಚಿದ್ದು ಆರು ವರ್ಷದ ಮಗುವಿನ ಮೇಲೆ.

ಕೊನೆಗೆ ನಾವಿಬ್ಬರೂ ಕಿವಿಯಿಂದ ಶುರು ಮಾಡಿದೆವು. ಪುಸ್ತಕ ಬದಿಗಿಟ್ಟು ಬರೀ ಬಾಯಲ್ಲಿ ಹೇಳಿದೆವು. ಕತೆ, ಕತ್ತೆ. ಹಳಿ, ಹಳ್ಳಿ. ಬಲೆ, ಬಲ್ಲೆ. ನಾಲಿಗೆ ಎಲ್ಲಿ ಒತ್ತಿ ನಿಲ್ಲುತ್ತದೆ ನೋಡು ಅಂದೆ. ಸದ್ದಿನಲ್ಲಿ ಒತ್ತು ಸಿಕ್ಕಿದ ಮೇಲೆ ಹಾಳೆಯ ಮೇಲೂ ಅವಳಿಗೇ ಕಾಣತೊಡಗಿತು.

1986ರಲ್ಲಿ ಫಿಲಿಪ್ ಗಾಫ್, ವಿಲಿಯಂ ಟನ್ಮರ್ ಅನ್ನುವ ಇಬ್ಬರು ಸಂಶೋಧಕರು ಓದನ್ನು ಒಂದು ಗುಣಾಕಾರವಾಗಿ ಬರೆದರು. ಬರಹವನ್ನು ಬಿಡಿಸಿ ಓದುವ ಶಕ್ತಿ, ಅದನ್ನು ಮಾತು ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸು. ಗುಣಾಕಾರವಾದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ನನ್ನ ಮಗಳಿಗೆ ಕತೆ ಪೂರ್ತಿ ಅರ್ಥವಾಗುತ್ತಿತ್ತು, ಅಕ್ಷರ ಸೊನ್ನೆ. ಇನ್ನು ಕೆಲವು ಮಕ್ಕಳು ಗಡಗಡ ಓದುತ್ತಾರೆ, ಏನು ಓದಿದೆ ಅಂದರೆ ಸುಮ್ನೆ ಮುಖ ನೋಡುತ್ತಾರೆ. ಒಪ್ಪಿಸುವಾಗ ಇಬ್ಬರೂ ಜಾಣರ ಹಾಗೇ ಕೇಳಿಸುತ್ತಾರೆ.

"ನಾವೆಲ್ಲ ಬಾಯಿಪಾಠ ಮಾಡಿಯೇ ಕಲಿತಿದ್ದು, ನಮಗೇನಾಯ್ತು?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಮಗ್ಗಿ ಕೊನೆಗೆ ನಾಲಿಗೆ ತುದಿಯಲ್ಲೇ ಇರಬೇಕು, ಒಪ್ಪುತ್ತೇನೆ. ಭಾಗಾಕಾರ ಮಾಡುವಾಗ ಪ್ರತಿ ಸಲ ಎಣಿಸುತ್ತಾ ಕೂತರೆ ಆಗುವುದಿಲ್ಲ. ಆದರೆ "ನಾವೆಲ್ಲ" ಅನ್ನಬೇಡಿ. ಲೆಕ್ಕದ ಪೀರಿಯಡ್ ಅಂದರೆ ಹೊಟ್ಟೆನೋವು ಬರುತ್ತಿದ್ದವರೂ ನಮ್ಮ ಬೆಂಚಿನಲ್ಲೇ ಇದ್ದರು. ಅವರು ಇಂಥ ಮಾತಿಗೆ ಬರುವುದಿಲ್ಲ, ಅಷ್ಟೇ.

ಬಾಯಿಪಾಠದ ಹೊರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದರಿಂದ ಹತ್ತರ ಮಗ್ಗಿಯವರೆಗೆ 100 ಸಾಲು. ತಿರುಗಿಸಿದರೂ ಉತ್ತರ ಅದೇ ಅಂತ ಗೊತ್ತಾದ ಕೂಡಲೇ 55. ಒಂದರದ್ದು, ಹತ್ತರದ್ದು ಕಷ್ಟವಿಲ್ಲ, ತೆಗೆದರೆ 36. ಎರಡರದ್ದು ಜೋಡಿ, ಐದರದ್ದು ಹತ್ತರ ಅರ್ಧ, ಅವೂ ಹೋದರೆ 21. ಒಂಬತ್ತೇಳ್ಲ ಬೇಕಾದರೆ ಎಪ್ಪತ್ತರಿಂದ ಏಳು ಕಳೆದರಾಯಿತು, ಹೀಗೆ ಒಂಬತ್ತರದ್ದೂ ಬಿಟ್ಟರೆ ಉಳಿಯುವುದು 15. ಬರೀ ಹದಿನೈದು! ಅದರಲ್ಲೂ ನಾಲ್ಕರದ್ದು ಎರಡರ ಜೋಡಿ, ಎಂಟರದ್ದು ನಾಲ್ಕರ ಜೋಡಿ. ಏಳು, ಹದಿನಾಲ್ಕು, ಇಪ್ಪತ್ತೆಂಟು, ಐವತ್ತಾರು. ಈ ಹದಿನೈದಕ್ಕೆ ದಿನಕ್ಕೆ ಐದು ನಿಮಿಷ ಕೊಡಿ, ಒಂದೆರಡು ದಿನ ಬಿಟ್ಟು ಮತ್ತೆ ಕೇಳಿ. ಒಂದೇ ಸಲಕ್ಕೆ ಕೂತು ಉರು ಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ಕಲಿತದ್ದು ಜಾಸ್ತಿ ನಿಲ್ಲುತ್ತದೆ ಅಂತ ನೆನಪಿನ ಬಗ್ಗೆ ಸಂಶೋಧನೆ ಮಾಡಿದ ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದಾನೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಒಂದು ಹಾಳೆ ತಗೊಂಡು ಏಳು ಸಾಲು ಚುಕ್ಕಿ ಇಟ್ಟೆ, ಸಾಲಿಗೆ ಎಂಟು. ಎಷ್ಟು ಅಂದೆ. ಬೆರಳಿಟ್ಟು ಎಣಿಸತೊಡಗಿದವನು ನಡುವೆಯೇ ನಿಲ್ಲಿಸಿ "ಐವತ್ತಾರು" ಅಂದ. ಹಾಳೆಯನ್ನು ಅಡ್ಡಕ್ಕೆ ತಿರುಗಿಸಿದೆ. ಈಗ ಎಂಟು ಸಾಲು, ಸಾಲಿಗೆ ಏಳು. ತುಂಬಾ ಹೊತ್ತು ನೋಡಿದ. ತಾನೇ ಅದನ್ನು ಮೊದಲಿನ ಹಾಗೆ ತಿರುಗಿಸಿದ. ಮತ್ತೆ ಅಡ್ಡಕ್ಕೆ. "ಅವೇ ಚುಕ್ಕಿ ಅಲ್ವಾ ಆಂಟಿ!" ಅವನಪ್ಪ ಕುರ್ಚಿಯಿಂದ ಬಗ್ಗಿ ನೋಡಿದರು.

ನಾನು ಹೊರಟು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಇನ್ನೊಂದು ಹಾಳೆ ಹಿಡಿದು ಓಡಿ ಬಂದ. ಒಂಬತ್ತಾರ್ಲ ಬರೆದಿದ್ದೇನೆ ಅಂದ. "ಆರೊಂಬತ್ಲ ಐವತ್ನಾಲ್ಕು ಅಲ್ವಾ? ಇಲ್ಲಿ ನಲವತ್ತೆಂಟೇ ಬರ್ತಿದೆ." ಅಪ್ಪ ಬಾಯಿ ತೆರೆದರು. ಸ್ವಲ್ಪ ತಡೀರಿ ಅಂತ ಕೈ ಮಾಡಿದೆ. ಹುಡುಗ ಸಾಲು ಎಣಿಸಿದ. ಎಂಟೇ ಇತ್ತು. ಬಾಗಿಲಲ್ಲೇ ಮಂಡಿಯೂರಿ ಕೂತು, ಕೆಳಗೆ ಇನ್ನೊಂದು ಸಾಲಿಗೆ ಒಂದೊಂದಾಗಿ ಆರು ಚುಕ್ಕಿ ಇಟ್ಟ.