ನಾಯಕನಿಗಿಂತ ಸಂಸ್ಥೆಗಳು ಗಟ್ಟಿಯಾಗಿರಬೇಕು

ಪ್ರಜಾಪ್ರಭುತ್ವ ಉಳಿಯಲು ಪ್ರಬಲ ನಾಯಕರೇ ಬೇಕೆಂಬ ವಾದವನ್ನು ನಾನು ಒಪ್ಪಲಾರೆ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿ ಸಂಸತ್ ಭವನಕ್ಕೆ ಸೈನಿಕರನ್ನು ಕಳುಹಿಸಿದಾಗ ಅದನ್ನು ತಡೆದದ್ದು ಯಾವ ಮಹಾನಾಯಕನೂ ಅಲ್ಲ. ಬೇಲಿ ಹತ್ತಿ ಒಳಸೇರಿದ ಸಂಸದರು ಮತ್ತು ಚಳಿಯಲ್ಲಿ ಹೊರಗೆ ನೆರೆದು ನಿಂತ ಸಾಮಾನ್ಯ ಜನ. 300 ಸದಸ್ಯರ ಸಭೆಯಲ್ಲಿ ಅಂದು ಹಾಜರಿದ್ದ 190 ಮಂದಿಯೂ ಘೋಷಣೆಯನ್ನು ತಿರಸ್ಕರಿಸಿದರು. ಅವರಲ್ಲಿ ಅಧ್ಯಕ್ಷರ ಸ್ವಂತ ಪಕ್ಷದವರೂ ಇದ್ದರೆಂಬುದು ನನ್ನ ಮನಸ್ಸನ್ನು ಇಂದಿಗೂ ತಟ್ಟುತ್ತದೆ, ಏಕೆಂದರೆ ಪಕ್ಷನಿಷ್ಠೆಯನ್ನು ಮೀರಿ ಸಂವಿಧಾನದ ಪರ ನಿಲ್ಲುವುದು ಎಲ್ಲಿಯೂ ಸುಲಭವಲ್ಲ. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಯೂನ್ ಅವರ ಪದಚ್ಯುತಿಯನ್ನು ಎತ್ತಿಹಿಡಿದರು.

ಮ್ಯಾನ್ಮಾರ್‌ನಲ್ಲಿ ಆದದ್ದೇ ಬೇರೆ. ಅಲ್ಲಿನ ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಅವರಿಗಿದ್ದಷ್ಟು ಜನಪ್ರಿಯತೆ ಯೂನ್ ವಿರೋಧಿಗಳಲ್ಲಿ ಯಾರಿಗೂ ಇರಲಿಲ್ಲ. 2020ರ ಚುನಾವಣೆಯಲ್ಲಿ ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದಿತ್ತು. ಆದರೂ ಸಂಸತ್ತಿನ ನಾಲ್ಕನೇ ಒಂದು ಭಾಗದ ಸ್ಥಾನಗಳನ್ನು ಸೇನೆಗೇ ಮೀಸಲಿಟ್ಟ 2008ರ ಸಂವಿಧಾನದಡಿ, ಹೊಸ ಸಂಸತ್ತು ಸಭೆ ಸೇರಬೇಕಿದ್ದ 2021ರ ಫೆಬ್ರವರಿ 1ರ ಬೆಳಗಿನ ಜಾವವೇ ಅವರು ಸೇನೆಯಿಂದ ಬಂಧನಕ್ಕೊಳಗಾದರು.